ಹಳೆಯ ಪೆಟ್ಟಿಗೆಯಲ್ಲಿ ಹೊಸ ಆಟ

ಹಳೆಯ ವಸ್ತುವನ್ನು ಇಟ್ಟುಕೊಳ್ಳುವದೋ, ಹೊರಗೆ ಹಾಕುವದೋ ಎಂಬ ವ್ಯಾಜ್ಯವು ಸಂಸಾರಿಕರ ಮನೆಗಳಲ್ಲಿ ಇಂದು ನಿನ್ನೆಯದಲ್ಲ. ಕಳೆದ ದೀಪಾವಳಿಯಲ್ಲಿ ನಾವು ರೋಣದ ಆಪ್ತರೊಬ್ಬರ ಮನೆಗೆ ಹೋದಾಗ ಇಂಥದೇ ವ್ಯಾಜ್ಯವೊಂದನ್ನು ಕಂಡೆವು.

ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಕಾಕಾ, ತನ್ನ ಹಳೆಯ ಪ್ಲೇಸ್ಟೇಷನ್ 4 ಯಂತ್ರವನ್ನು ಅಣ್ಣನ ಮಗನಿಗೆ ತಂದು ಕೊಟ್ಟಿದ್ದನು. ಮನೆಯಲ್ಲಿದ್ದದ್ದೋ ಅಜ್ಜನ ಇಪ್ಪತ್ತೊಂದು ಇಂಚಿನ, ಹಿಂಬದಿ ಉಬ್ಬಿದ ಟಿ.ವಿ. ಪೆಟ್ಟಿಗೆ. ಹೇಗೋ ಜೋಡಿಸಿದರು, ಚಿತ್ರವೂ ಮೂಡಿತು. ಆದರೆ ಹುಡುಗನು, "ಅಜ್ಜಾ, ಅಕ್ಷರ ಒಂದೂ ಕಾಣವಲ್ದು!" ಎಂದು ಅಳುಮೋರೆ ಮಾಡಿದನು. ಮಳೆ ಕೈಕೊಟ್ಟ ವರ್ಷ, ಹೊಸ ಟಿ.ವಿ. ಕೊಳ್ಳುವ ಮಾತನ್ನು ಎತ್ತಲು ತಂದೆಗೆ ಧೈರ್ಯವಿಲ್ಲ. "ನನ್ನ ಪೆಟ್ಟಿಗಿ ಮಾರಿಬಿಡ್ರಿ, ಕೂಸು ಅಳೂದು ಬ್ಯಾಡ" ಎಂದು ಅಜ್ಜನು ಮೆಲ್ಲಗೆ ಅಂದಾಗ ಎಲ್ಲರೂ ಸುಮ್ಮನಾದರು.

ದೋಷವು ಪೆಟ್ಟಿಗೆಯದೂ ಅಲ್ಲ, ಯಂತ್ರದ್ದೂ ಅಲ್ಲ. ಗಜೇಂದ್ರಗಡದ ನೇಕಾರರು ಇದನ್ನು ಕೂಡಲೇ ತಿಳಿದಾರು. ನವುರಾದ ಎಳೆಗೆಂದು ಬರೆದ ಚಿತ್ತಾರವನ್ನು ದಪ್ಪ ನೂಲಿನಲ್ಲಿ ನೇಯ್ದರೆ ಸಣ್ಣ ಹೂಗಳು ಅಳಿಸಿಹೋಗುವವು. ನಮ್ಮ ದೇಶದ ಹಳೆಯ ಪದ್ಧತಿಯ ಚಿತ್ರದಲ್ಲಿ 625 ಗೆರೆಗಳು. ಕಣ್ಣಿಗೆ ಕಾಣುವವು 576 ಮಾತ್ರ. ಹೊಸ ಯಂತ್ರದ ಚಿತ್ರದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು, ಅಂದರೆ ಒಟ್ಟು ಇಪ್ಪತ್ತು ಲಕ್ಷಕ್ಕೂ ಮೇಲೆ. ಹಳೆಯ ಪರದೆಗೆ ಹಿಡಿಸುವದು ಸುಮಾರು ನಾಲ್ಕು ಲಕ್ಷ. ಅದರ ಮೇಲೆ, ಹೊಸ ಚಿತ್ರವು ಅಗಲವಾದದ್ದು. ಅದನ್ನು ಚೌಕ ಪರದೆಯಲ್ಲಿ ಸರಿಯಾಗಿ ಕೂಡಿಸಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿಗಳು ಉಳಿದು, 432 ಗೆರೆಗಳಷ್ಟೇ ಉಪಯೋಗಕ್ಕೆ ಬರುವವು. ಅಕ್ಷರಗಳು ಅಳಿಸದೆ ಏನು ಮಾಡಿಯಾವು?

ಈ ತೊಡಕು ರೋಣದ ಹುಡುಗನೊಬ್ಬನದೇ ಅಲ್ಲ. 2005ರ ಎಕ್ಸ್‌ಬಾಕ್ಸ್ 360, 2006ರ ಪ್ಲೇಸ್ಟೇಷನ್ 3 ಯಂತ್ರಗಳಿಗೆ ಹಳದಿ, ಬಿಳಿ, ಕೆಂಪು ತುದಿಗಳ ಹಳೆಯ ವಾಯರು ಹತ್ತುತ್ತಿದ್ದಿತು. ಆದರೂ 2006ರಲ್ಲಿ ಬಂದ 'ಡೆಡ್ ರೈಸಿಂಗ್' ಎಂಬ ಆಟದ ಬರಹವು ಹಳೆಯ ಪರದೆಗಳಲ್ಲಿ ಓದಲು ಬಾರದೆಂದು ಪರದೇಶದ ಆಟಗಾರರೂ ದೂರಿದರು. 2013ರ ಪ್ಲೇಸ್ಟೇಷನ್ 4ಕ್ಕಂತೂ ಎಚ್‌ಡಿಎಂಐ ಕಿಂಡಿಯ ಹೊರತು ಚಿತ್ರಕ್ಕೆ ಬೇರೆ ದಾರಿಯೇ ಇಲ್ಲ.

ಹಾಗಾದರೆ ಉಪಾಯವೇನು? ನಡುವೆ ಪರಿವರ್ತಕವೆಂಬ ಸಣ್ಣ ಡಬ್ಬಿ ಬೇಕು. ಕೊಳ್ಳುವಾಗ ಅದು 'ಎಚ್‌ಡಿಎಂಐಯಿಂದ ಎ.ವಿ.'ಗೆ ಮಾರ್ಪಡಿಸುವದೆಂದು ಓದಿ ನೋಡಬೇಕು. ತಿರುಗುಮುರುಗಾದದ್ದೂ ನೋಡಲು ಹಾಗೆಯೇ ಇರುವದು. ಡಬ್ಬಿಯಲ್ಲಿ ಗುಂಡಿಯಿದ್ದರೆ 'ಪಾಲ್' ಕಡೆಗೆ ಇಡಬೇಕು. ಚಿತ್ರವೇ ಮೂಡದಿದ್ದರೆ ಯಂತ್ರದ ಸೆಟ್ಟಿಂಗಿನಲ್ಲಿ ಎಚ್‌ಡಿಸಿಪಿ ಎಂಬುದನ್ನು ನಿಲ್ಲಿಸಿ ನೋಡಬಹುದು. ಅಂಚು ಕತ್ತರಿಸಿದಂತಾದರೆ ಪರದೆಯ ಅಳತೆಯನ್ನು ಕಿರಿದು ಮಾಡಬೇಕು. ಆಟದೊಳಗೆ ದೊಡ್ಡಕ್ಷರದ ಅನುಕೂಲವಿದ್ದರೆ ಅದನ್ನು ಆರಿಸಬೇಕು. ಒಂದು ಮಾತು ಮಾತ್ರ ಮರೆಯಲಾಗದು: ಹಳೆಯ ಪೆಟ್ಟಿಗೆಯ ಬೆನ್ನನ್ನು ಮನೆಯಲ್ಲಿ ಬಿಚ್ಚಲೇಬಾರದು. ವಾಯರು ಕಿತ್ತ ಮೇಲೂ ಒಳಗೆ ಪ್ರಾಣಾಂತಿಕವಾದ ವಿದ್ಯುತ್ತು ಉಳಿದಿರಬಹುದು.

ಇಷ್ಟಾದರೂ ದಪ್ಪ ನೂಲು ನವುರಾಗದು. ಓದುವ ಕೆಲಸ ಹೆಚ್ಚಿರುವ ಕಥೆಯಾಟಗಳು ಹಳೆಯ ಪರದೆಗೆ ಸಲ್ಲವು. ಚೆಂಡಾಟ, ಕುಸ್ತಿ, ಗಾಡಿಯ ಪಂದ್ಯಗಳು ಚೆನ್ನಾಗಿಯೇ ಸಾಗುವವು.

ಆ ಮನೆಯಲ್ಲಿಯೂ ಹಾಗೆಯೇ ಮಾಡಿದರು. ಓದಿನ ಆಟಗಳನ್ನು ಒಳ್ಳೆಯ ಬೆಳೆಯ ವರ್ಷಕ್ಕೆ ಮುಂದೂಡಿ, ಹುಡುಗನು ಕಾಲ್ಚೆಂಡಾಟ ಹಚ್ಚಿದನು. ನಾವು ಹೊರಡುವಾಗ ಅಜ್ಜನು ಮೊಮ್ಮಗನ ಮಗ್ಗುಲಲ್ಲಿ ಕುಳಿತು, "ಚೆಂಡು ಯಾವ ಕಡೆ ಹೋತೋ ತಮ್ಮಾ?" ಎಂದು ಕೇಳುತ್ತಿದ್ದನು. ಪೆಟ್ಟಿಗೆಯನ್ನು ಮಾರುವ ಮಾತು ಮತ್ತೆ ಬರಲಿಲ್ಲ.