ಬಾಡಿಗೆಗೆ ಸಿಕ್ಕಿದ ಸ್ವರ್ಗ

ಥೇಮ್ಸ್ ಎಂದೊಡನೆ ಲಂಡನ್ನಿನ ದೊಡ್ಡ ಸೇತುವೆಗಳು ನೆನಪಾಗುತ್ತವೆ. ಅದೇ ನದಿಯ ಗುಂಟ ಮೇಲಕ್ಕೆ, ಆಕ್ಸ್‌ಫರ್ಡನ್ನೂ ದಾಟಿ ಹೋದರೆ, ಹುಲ್ಲುಗಾವಲುಗಳ ನಡುವೆ ಬಳುಕಿ ಹರಿಯುವ ಸಣ್ಣ ಹೊಳೆ ಸಿಗುತ್ತದೆ. ಲೆಚ್‌ಲೇಡ್ ಎಂಬ ಪೇಟೆಗೆ ತುಸು ಈಚೆ, ಆ ಹೊಳೆಯ ದಂಡೆಯಲ್ಲೇ ಕೆಲ್ಮ್‌ಸ್ಕಾಟ್ ಎಂಬ ಹಳ್ಳಿ. ಇನ್ನೂರರ ಆಸುಪಾಸಿನ ಜನ, ಒಂದು ಹಳೆಯ ಚರ್ಚು, ಒಂದು ಪಬ್ಬು, ಬೂದು ಸುಣ್ಣಕಲ್ಲಿನ ಮನೆಗಳು. ಊರಿನ ಅಂಚಿನಲ್ಲಿ, ಎತ್ತರದ ಕಲ್ಲುಗೋಡೆಯ ಹಿಂದೆ ಇರುವುದು ಕೆಲ್ಮ್‌ಸ್ಕಾಟ್ ಮ್ಯಾನರ್.

ಮ್ಯಾನರ್ ಎಂದರೆ ಊರಿನ ಜಮೀನಿನ ಮೇಲೆ ಒಡೆತನವಿದ್ದ ಯಜಮಾನನ ಮನೆ. ಈ ಮನೆಗೆ ಆ ಪಟ್ಟ ಹುಟ್ಟಿನಿಂದ ಬಂದದ್ದಲ್ಲ. 16ನೇ ಶತಮಾನದ ಕೊನೆಯ ಹೊತ್ತಿಗೆ ಟರ್ನರ್ ಎಂಬ ಬೇಸಾಯಗಾರ ಮನೆತನ ಕಟ್ಟಿಸಿದ್ದು ಇದು. ಮುಂದಿನ ಶತಮಾನದಲ್ಲಿ ಕೈಯಲ್ಲಿ ನಾಲ್ಕು ಕಾಸು ಆಡಿದಾಗ ಇನ್ನೊಂದು ಭಾಗ ಸೇರಿಸಿದರು. 1864ರಲ್ಲಿ ಆ ಮನೆತನದವರು ಊರಿನ ಮ್ಯಾನರ್ ಹಕ್ಕಿನ ಜಮೀನು ಕೊಂಡರು. ಅಲ್ಲಿಂದ ಮನೆಗೂ ಮ್ಯಾನರ್ ಎಂಬ ಹೆಸರು ಅಂಟಿತು. ಇಂಗ್ಲೆಂಡಿನಲ್ಲಿ ಇದಕ್ಕಿಂತ ಹತ್ತು ಪಾಲು ದೊಡ್ಡ ಬಂಗಲೆಗಳು ಬೇಕಾದಷ್ಟಿವೆ. ಆದರೆ ಕೆಲ್ಮ್‌ಸ್ಕಾಟ್ ಉಳುವವರ ಮನೆ. ಇದರ ಅಟ್ಟದಲ್ಲಿ ಹೊಲದ ಆಳುಗಳು ಮಲಗುತ್ತಿದ್ದರು. ನನಗೆ ಈ ಮನೆಯ ಮೇಲೆ ಪ್ರೀತಿ ಹುಟ್ಟಿದ್ದೇ ಈ ಕಾರಣಕ್ಕೆ.

1871ರಲ್ಲಿ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಇದನ್ನು ಕಂಡ. ಸ್ನೇಹಿತನಿಗೆ ಬರೆದ ಕಾಗದದಲ್ಲಿ ಭೂಮಿಯ ಮೇಲಿನ ಸ್ವರ್ಗ ಎಂದೇ ಕರೆದ. ಚಿತ್ರಕಾರ ಡಾಂಟೆ ಗೇಬ್ರಿಯಲ್ ರೊಸೆಟ್ಟಿಯ ಜೊತೆ ಸೇರಿ ಬಾಡಿಗೆಗೆ ಹಿಡಿದ. ಆ ಸ್ವರ್ಗದಲ್ಲಿ ಮುಳ್ಳೂ ಇತ್ತು. ಮಾರಿಸ್‌ನ ಹೆಂಡತಿ ಜೇನ್ ಮತ್ತು ರೊಸೆಟ್ಟಿಯ ನಡುವೆ ಒಲವಿತ್ತು. ಮಾರಿಸ್ ಅದೇ ಬೇಸಿಗೆಯಲ್ಲಿ ಐಸ್‌ಲ್ಯಾಂಡಿಗೆ ಹೊರಟುಹೋದ. ರೊಸೆಟ್ಟಿ ಇಲ್ಲಿ ಕುಳಿತು ಜೇನ್‌ಳ ಚಿತ್ರ ಬರೆದ. ಅದರ ಹಿನ್ನೆಲೆಯಲ್ಲಿ ಈ ಮನೆಯೂ ಹೊಳೆಯೂ ಇವೆ. 1874ರಲ್ಲಿ ರೊಸೆಟ್ಟಿ ಬಿಟ್ಟುಹೋದ. ಮಾರಿಸ್ ಮಾತ್ರ ಸಾಯುವ ತನಕ, 25 ವರ್ಷ, ಬಾಡಿಗೆದಾರನಾಗಿಯೇ ಬಂದು ಹೋಗುತ್ತಿದ್ದ.

ತನ್ನದಲ್ಲದ ಮನೆಯನ್ನು ಇಷ್ಟು ಹತ್ತಿರದಿಂದ ನೋಡಿದವರು ಕಡಿಮೆ. ಮಾಡನ್ನೇ ನೋಡಿ. ಹೊದಿಸಿರುವುದು ಸುಟ್ಟ ಹೆಂಚಲ್ಲ, ತೆಳುವಾಗಿ ಸೀಳಿದ ಕಲ್ಲು. ನೆತ್ತಿಯ ಬಳಿ ಅಂಗೈಯಗಲದ ಸಣ್ಣ ಕಲ್ಲುಗಳು. ಕೆಳಗಿಳಿದಂತೆ ಸಾಲಿನಿಂದ ಸಾಲಿಗೆ ದೊಡ್ಡದಾಗುತ್ತ, ಸೂರಿನ ಹತ್ತಿರ ಚಪ್ಪಡಿಗಳಾಗುತ್ತವೆ. ಮೀನಿನ ಹುರುಪೆ, ಹಕ್ಕಿಯ ಗರಿ ಕೊಡುವ ಸುಖವನ್ನೇ ಈ ಮಾಡು ತನಗೆ ಕೊಡುತ್ತದೆ ಎಂದು ಮಾರಿಸ್ ಬರೆದಿದ್ದಾನೆ. ಮೇಲಿನ ಕೋಣೆಯೊಂದರಲ್ಲಿ ಬೈಬಲಿನ ಸ್ಯಾಮ್ಸನ್ನನ ಕಥೆ ನೇಯ್ದ 17ನೇ ಶತಮಾನದ ಪರದೆಗಳಿವೆ. ಅವುಗಳ ಬಣ್ಣ ಮಾಸಿತ್ತು. ಮಾಸಿದ್ದರಿಂದಲೇ ಕೋಣೆಗೆ ಹೊಂದಿಕೊಂಡಿವೆ ಎಂಬುದು ಅವನ ತೀರ್ಮಾನ.

ತೋಟದ್ದು ಇನ್ನೊಂದು ಕಥೆ. ಸ್ಟ್ರಾಬೆರಿ ಪಾತಿಗೆ ಬಲೆ ಹೊದಿಸಿದರೂ ಥ್ರಷ್ ಹಕ್ಕಿಗಳು ಒಳನುಗ್ಗಿ ಹಣ್ಣು ಕದಿಯುತ್ತಿದ್ದವು. ಅವುಗಳ ಕತ್ತು ಮುರಿಯಬೇಕೆಂದು ತೋಟದಾಳಿಗೆ ಸಿಟ್ಟು. ಈ ತೋಟದ ಒಂದು ಹಕ್ಕಿಯನ್ನೂ ಮುಟ್ಟಕೂಡದೆಂದು ಮಾರಿಸ್ ತಾಕೀತು ಮಾಡಿದ. ಆ ಕಳ್ಳಹಕ್ಕಿಗಳೇ 1883ರಲ್ಲಿ ‘ಸ್ಟ್ರಾಬೆರಿ ಥೀಫ್’ ಎಂಬ ಹತ್ತಿಬಟ್ಟೆಯ ಮೇಲೆ ಬಂದು ಕುಳಿತವು. ಕೆಲಸ ನಡೆದದ್ದು ಲಂಡನ್ನಿನ ಹತ್ತಿರದ ಮರ್ಟನ್ ಅಬಿಯಲ್ಲಿದ್ದ ಅವನ ಕಾರ್ಖಾನೆಯಲ್ಲಿ. ಬಟ್ಟೆಯನ್ನು ಮೊದಲು ನೀಲಿಯ ತೊಟ್ಟಿಯಲ್ಲಿ ಅದ್ದಿ ಪೂರ್ತಿ ಕಡುನೀಲಿ ಮಾಡಬೇಕು. ಆಮೇಲೆ ಬಣ್ಣ ಕಳೆಯುವ ರಸಾಯನವನ್ನು ಮರದ ಅಚ್ಚಿನಿಂದ ಒತ್ತಬೇಕು. ಒತ್ತಿದ ಕಡೆ ನೀಲಿ ಕಳಚಿ ಬಿಳಿ ಬರುತ್ತದೆ. ರಸಾಯನ ತೆಳುವಾಗಿದ್ದಲ್ಲಿ ತಿಳಿನೀಲಿ. ಆ ಬಿಳಿಯ ಮೇಲೆ ಕೆಂಪು, ಹಳದಿ ಹಿಡಿಸಬೇಕು. ನೀಲಿಯ ಮೇಲೆ ಹಳದಿ ಬಿದ್ದರೆ ಹಸಿರು. ಹಲವು ದಿನಗಳ ದುಡಿಮೆ ಅದು. ನೀಲಿ ಬಣ್ಣದ ಪಾಠಗಳಲ್ಲಿ ಮಾರಿಸ್‌ಗೆ ಜೊತೆಯಾಗಿದ್ದವನು ಲೀಕ್ ಪಟ್ಟಣದ ಥಾಮಸ್ ವಾರ್ಡಲ್, ನಮ್ಮ ದೇಶದ ಟಸ್ಸರ್ ರೇಷ್ಮೆಗೆ ಬಣ್ಣ ಹಿಡಿಸುವ ದಾರಿ ಹುಡುಕಿದವನು.

ಕೆಲ್ಮ್‌ಸ್ಕಾಟ್ ಎಂಬ ಹೆಸರನ್ನು ಮಾರಿಸ್ ಹೋದಲ್ಲೆಲ್ಲ ಕೊಂಡೊಯ್ದ. ಲಂಡನ್ನಿನ ತನ್ನ ಮನೆಗೆ ಅದೇ ಹೆಸರಿಟ್ಟ. 1891ರಲ್ಲಿ ಶುರು ಮಾಡಿದ ಮುದ್ರಣಾಲಯಕ್ಕೂ ಅದೇ. ಅಲ್ಲಿ ಬಳಕೆಯಾದ ಕೈಯಚ್ಚಿನ ಯಂತ್ರದಲ್ಲೇ ಮುಂದೆ ಆನಂದ ಕುಮಾರಸ್ವಾಮಿ ಅವರು ಸಿಂಹಳದ ಮಧ್ಯಯುಗೀನ ಕಲೆಯ ಕುರಿತ ತಮ್ಮ ಗ್ರಂಥವನ್ನು ಅಚ್ಚು ಹಾಕಿಸಿದರು. ಎಲ್ಲರೂ ಸಮಾನರಾಗಿ ಬಾಳುವ ನಾಳಿನ ಇಂಗ್ಲೆಂಡನ್ನು ಕನಸಿ ಬರೆದ ‘ನ್ಯೂಸ್ ಫ್ರಂ ನೋವೇರ್’ ಕಾದಂಬರಿಯ ಪ್ರಯಾಣ ಕೊನೆಗೆ ಬಂದು ತಲುಪುವುದೂ ಈ ಮನೆಗೇ.

ಹಳೆಯ ಚರ್ಚುಗಳನ್ನು ಜೀರ್ಣೋದ್ಧಾರದ ಹೆಸರಿನಲ್ಲಿ ಕೆರೆದು, ಗಾರೆ ಕಿತ್ತು ಹೊಸದಾಗಿಸುತ್ತಿದ್ದ ಕಾಲ ಅದು. ಅದನ್ನು ತಡೆಯಲು ಮಾರಿಸ್ 1877ರಲ್ಲಿ ಪುರಾತನ ಕಟ್ಟಡಗಳ ರಕ್ಷಣಾ ಸಂಘ ಕಟ್ಟಿದ. ಸೋರುವುದನ್ನು ನಿಲ್ಲಿಸಿ, ಸಡಿಲಾದದ್ದನ್ನು ಬಿಗಿಮಾಡಿ, ದಿನದಿನದ ಆರೈಕೆಯಿಂದ ಕಟ್ಟಡ ಉಳಿಸಿ. ಹಿಂದೆ ಹೀಗಿದ್ದಿರಬೇಕೆಂದು ಊಹಿಸಿ ಹೊಸದು ಕಟ್ಟಬೇಡಿ ಎಂಬುದು ಅದರ ವಾದ. ಆ ಸಂಘ ಇಂದಿಗೂ ಕೆಲಸ ಮಾಡುತ್ತಿದೆ. ಹಳೆಯ ಕಲ್ಲುಕಂಬಕ್ಕೆ ಎಣ್ಣೆಬಣ್ಣ ಬಳಿಯುವ ಮುನ್ನ ನಾವೂ ಈ ಮಾತು ಕೇಳಿಸಿಕೊಳ್ಳಬೇಕು.

1896ರ ಅಕ್ಟೋಬರ್ 3ರಂದು ಮಾರಿಸ್ ಲಂಡನ್ನಿನಲ್ಲಿ ತೀರಿಕೊಂಡ. ಶವವನ್ನು ರೈಲಿನಲ್ಲಿ ಲೆಚ್‌ಲೇಡಿಗೆ ತಂದರು. ಅಲ್ಲಿಂದ ಹೊಲದ ಗಾಡಿ: ಹಳದಿ ಮೈ, ಕೆಂಪು ಗಾಲಿ, ಸುತ್ತ ವಿಲೋ ಮರದ ಸೊಪ್ಪು. ಅಂದು ಮಳೆ ಸುರಿಯುತ್ತಿತ್ತು. ಊರಿನ ಚರ್ಚಿನಂಗಳದಲ್ಲಿ ಮಣ್ಣು ಮಾಡಿದರು. ಗೆಳೆಯ ಫಿಲಿಪ್ ವೆಬ್ ರೂಪಿಸಿದ ಸಮಾಧಿಕಲ್ಲು ಮನೆಯ ಮಾಡಿನ ಆಕಾರದಲ್ಲಿದೆ.

ಮನೆಯನ್ನು ಕೊಂಡದ್ದು ಜೇನ್, 1913ರಲ್ಲಿ. ಮರುವರ್ಷದ ಜನವರಿಯಲ್ಲಿ ಆಕೆಯೂ ಇಲ್ಲವಾದಳು. ಅವಳೇ ಗಂಡನ ನೆನಪಿಗೆ ಹಳ್ಳಿಯಲ್ಲಿ ಕಟ್ಟಿಸಿದ ಜೋಡಿ ಮನೆಗಳ ಗೋಡೆಯಲ್ಲಿ, ಮರದಡಿ ಕುಳಿತ ಮಾರಿಸ್‌ನ ಉಬ್ಬುಶಿಲ್ಪವಿದೆ. ಕಿರಿಯ ಮಗಳು ಮೇ ಕಸೂತಿಯಲ್ಲಿ ಎತ್ತಿದ ಕೈ. ತಂದೆಯ ಮಂಚದ ಪರದೆಗಳಿಗೆ ಚಿತ್ರ ರಚಿಸಿ, ತಂದೆ ಆ ಮಂಚಕ್ಕೆಂದೇ ಬರೆದ ಪದ್ಯವನ್ನು ಮೇಲಂಚಿನಲ್ಲಿ ದಾರದಿಂದ ಬರೆದವಳು ಅವಳು. ಕವಿ ಯೇಟ್ಸ್‌ನ ತಂಗಿ ಲಿಲಿಯೂ ಸೂಜಿ ಹಿಡಿದು ನೆರವಾಗಿದ್ದಳು. 1938ರಲ್ಲಿ ಮೇ ಸತ್ತಾಗ ಮನೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಹೋಯಿತು, 1962ರಲ್ಲಿ ಲಂಡನ್ನಿನ ಸೊಸೈಟಿ ಆಫ್ ಆಂಟಿಕ್ವೆರೀಸ್ ಕೈ ಸೇರಿತು. ಮಾರಿಸ್ ಕೂಡ ಆ ಸಂಸ್ಥೆಯ ಸದಸ್ಯನಾಗಿದ್ದ. ದೊಡ್ಡ ದುರಸ್ತಿಯ ನಂತರ 2022ರಲ್ಲಿ ಮನೆ ಮತ್ತೆ ತೆರೆದಿದೆ.

ಲಂಡನ್ನಿನಲ್ಲಿ ಮಕ್ಕಳನ್ನೋ ನೆಂಟರನ್ನೋ ನೋಡಲು ಹೋಗುವವರು ಒಂದು ದಿನವನ್ನು ಇದಕ್ಕಾಗಿ ಮೀಸಲಿಡಿ. ವರ್ಷವಿಡೀ ತೆರೆದಿರುವುದಿಲ್ಲ, ವಿಚಾರಿಸಿಯೇ ಹೊರಡಿ. ಮಾರಿಸ್‌ನ ಶವ ತಂದ ರೈಲುದಾರಿ 1962ರಲ್ಲೇ ಮುಚ್ಚಿದೆ. ಲೆಚ್‌ಲೇಡಿನಿಂದ ಹೊಳೆದಂಡೆಯ ಕಾಲುದಾರಿ ಐದಾರು ಕಿಲೋಮೀಟರ್. ಕಾಲಿಗೆ ಕಸುವಿದ್ದರೆ ನಡೆದೇ ಹೋಗಿ.