ಕ್ಯಾಮೆರಾ ತಿರುಗದ ಪೇಟೆ

ವಿಜಯಪುರಕ್ಕೆ ಬಂದವರು ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾರಾಕಮಾನು ಕ್ಲಿಕ್ಕಿಸಿಕೊಂಡು ಹೊರಡುತ್ತಾರೆ. ಜೋರಾಪುರ ಪೇಟೆ ಆ ಪಟ್ಟಿಯಲ್ಲಿಲ್ಲ. ನಗರದ ಹಳೆಯ ಪೇಟೆಗಳಲ್ಲೊಂದಾದ ಇಲ್ಲಿ ನೋಡಿ ಬೆರಗಾಗುವಂಥದ್ದಕ್ಕಿಂತ ದಿನದ ವಹಿವಾಟೇ ಹೆಚ್ಚು.

ಕಟ್ಟಡಗಳನ್ನಷ್ಟೇ ಕ್ಲಿಕ್ಕಿಸುವ ಈ ಚಾಳಿ ಹಳೆಯದು. 1855ರಲ್ಲಿ ಬಾಂಬೆ ಸರ್ಕಾರದ ಪರವಾಗಿ ಥಾಮಸ್ ಬಿಗ್ಸ್ ಅಂದಿನ ವಿಜಾಪುರದ ಕಟ್ಟಡಗಳ ಚಿತ್ರ ತೆಗೆದ. ಕಾಗದದ ನೆಗೆಟಿವ್. ಚಿತ್ರ ಮೂಡಲು ನಿಮಿಷಗಟ್ಟಲೆ ಬೆಳಕು ಬೀಳಬೇಕು. ಕಲ್ಲು ಅಲುಗುವುದಿಲ್ಲ, ದುಡಿಯುವ ಕೈ ಸುಮ್ಮನಿರುವುದಿಲ್ಲ. ಆ ಚಿತ್ರಗಳಲ್ಲಿ ಹಲವು ಮೆಡೋಸ್ ಟೇಲರ್, ಜೇಮ್ಸ್ ಫರ್ಗುಸನ್ ಬರಹದೊಂದಿಗೆ 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಅಚ್ಚಾದವು. ಇಂಥ ಚಿತ್ರಗಳಲ್ಲಿ ಯಾರಾದರೂ ನಿಂತಿದ್ದರೆ ಕಮಾನು ಎಷ್ಟೆತ್ತರ ಎಂದು ತೋರಿಸಲಿಕ್ಕೆ.

ದುಡಿಯುವ ಕೈ ಅಲುಗುತ್ತದೆಂಬ ನೆಪ ಈಗ ಇಲ್ಲ. ಪೇಟೆಯಿಂದ ಅಥಣಿ ರಸ್ತೆ ಹಿಡಿದು ತಿಕೋಟಾ ಕಡೆ ಹೊರಟರೆ ದ್ರಾಕ್ಷಿ ಪಡಗಳ ನಡುವೆ ಮಣೂಕದ, ಅಂದರೆ ಒಣದ್ರಾಕ್ಷಿಯ, ಶೆಡ್ಡುಗಳು. ಚಿಮಣಿ ಇಲ್ಲವೆಂಬುದು ಬಿಟ್ಟರೆ ಇವೂ ಕಾರ್ಖಾನೆಗಳೇ. ಹಂಗಾಮು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ. ಪೊಟ್ಯಾಸಿಯಂ ಕಾರ್ಬೊನೇಟ್, ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಗೊನೆ ಅದ್ದುತ್ತಾರೆ. ಹಣ್ಣಿನ ಮೇಲಿನ ಮೇಣದ ಪದರ ಸಡಿಲಾಗಿ ಒಳಗಿನ ನೀರು ಬೇಗ ಆರುತ್ತದೆ. ಅಂತಸ್ತು ಅಂತಸ್ತಾಗಿ ಬಿಗಿದ ಬಲೆಗಳ ಮೇಲೆ ಹರವಿ, ಬಣ್ಣ ಬರಲೆಂದು ಗಂಧಕದ ಹೊಗೆ ಹಾಕುತ್ತಾರೆ. ಹದಿನೈದು ದಿನದ ಆಸುಪಾಸಿನಲ್ಲಿ ನಾಲ್ಕು ಕಿಲೊ ಹಣ್ಣು ಸುಮಾರು ಒಂದು ಕಿಲೊ ಮಣೂಕವಾಗುತ್ತದೆ. ಕಡ್ಡಿ ಬಿಡಿಸುವುದು, ಆರಿಸುವುದು, ಬಣ್ಣ-ಗಾತ್ರ ನೋಡಿ ಬೇರೆ ಮಾಡುವುದು ಬಹುಪಾಲು ಹೆಣ್ಣುಮಕ್ಕಳ ಕೆಲಸ.

ಛಾಯಾಗ್ರಾಹಕನಿಗೆ ಇಲ್ಲೊಂದು ಪೇಚು. ಮಣೂಕಕ್ಕೆ ದರ ಕಟ್ಟುವುದು ಬಣ್ಣ ನೋಡಿ. ಆದರೆ ಹಸಿರು ಶೇಡ್‌ನೆಟ್ ಕೆಳಗೆ ಹಣ್ಣು, ಸೀರೆ, ಮುಖ ಎಲ್ಲವೂ ಹಸಿರೇ. ಕಂಪ್ಯೂಟರಿನಲ್ಲಿ ತಿದ್ದಿದರೆ ಮಣೂಕದ ಬಣ್ಣ ಸರಿಹೋಗುತ್ತದೆ, ಶೆಡ್ಡು ಸುಳ್ಳಾಗುತ್ತದೆ. ನನ್ನನ್ನು ಕೇಳಿದರೆ ಆ ಹಸಿರು ಹಾಗೇ ಇರಲಿ. ಗೊನೆ ಹರವುವವರು ದಿನವಿಡೀ ದುಡಿಯುವುದು ಅದೇ ಬೆಳಕಿನಲ್ಲಿ.

ಆದರೆ ಚಿತ್ರವೊಂದೇ ಸಾಲದು. 1908ರಿಂದ ಅಮೆರಿಕದ ಗಿರಣಿಗಳಲ್ಲಿ ಬಾಲಕಾರ್ಮಿಕರ ಚಿತ್ರ ತೆಗೆದ ಲೂಯಿಸ್ ಹೈನ್ ಮಕ್ಕಳ ಎತ್ತರವನ್ನು ತನ್ನ ಕೋಟಿನ ಗುಂಡಿಗಳಿಂದ ಅಳೆದುಕೊಳ್ಳುತ್ತಿದ್ದ. ವಯಸ್ಸು, ದುಡಿಮೆಯ ತಾಸುಗಳನ್ನು ಚಿತ್ರದ ಜೊತೆಗೇ ಬರೆದಿಡುತ್ತಿದ್ದ. ಇಲ್ಲಿಯೂ ಕೂಲಿ ಎಷ್ಟು, ಎಷ್ಟು ತಾಸು, ಯಾವ ಊರಿಂದ ಬಂದವರು ಎಂದು ಕೇಳಿ ಬರೆದುಕೊಳ್ಳಬೇಕು, ಅದೂ ಏಪ್ರಿಲ್ ಒಳಗೆ. ಹಂಗಾಮು ಮುಗಿದರೆ ಕೆಲಸದ ತಂಡಗಳು ಚದುರುತ್ತವೆ.