ಹೈದರಾಬಾದಿನಲ್ಲಿ ‘ಕನ್ವರ್ಷನ್ ಥೆರಪಿ’ ಅಪರಾಧವೇ?

ಪ್ರಶ್ನೆ: ಸಲಿಂಗಿ ಮಗನನ್ನು ‘ಸರಿಮಾಡಿಕೊಡುತ್ತೇವೆ’ ಎನ್ನುವ ಕ್ಲಿನಿಕ್‌ಗಳಿಗೆ ಹೈದರಾಬಾದಿನಲ್ಲಿ ಕಡಿವಾಣವಿದೆಯೇ?

ಉತ್ತರ: ಇದೆ, ಆದರೆ ಹಗ್ಗ ಎಲ್ಲರ ಕೊರಳಿಗೂ ಬೀಳುವುದಿಲ್ಲ. ‘ಕನ್ವರ್ಷನ್ ಥೆರಪಿ’ಯನ್ನೇ ಹೆಸರಿಸಿ ನಿಷೇಧಿಸುವ ಕಾಯ್ದೆ ಸಂಸತ್ತಿನಿಂದ ಬಂದಿಲ್ಲ. ದಾರಿ ತೋರಿಸಿದ್ದು ಮದ್ರಾಸ್ ಹೈಕೋರ್ಟ್. 2021ರ ಜೂನ್ 7ರಂದು ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು ಇಂಥ ‘ಚಿಕಿತ್ಸೆ’ಯನ್ನು ತಡೆಯಬೇಕು, ಮಾಡಿದವರ ಪರವಾನಗಿ ರದ್ದಾಗಬೇಕು ಎಂದರು. ಆ ಪ್ರಕರಣದ ಮುಂದುವರಿಕೆಯಾಗಿ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಆಗಸ್ಟ್‌ನಲ್ಲಿ ಇದನ್ನು ವೃತ್ತಿದುರ್ನಡತೆ ಎಂದು ಘೋಷಿಸಿ ಎಲ್ಲ ರಾಜ್ಯಗಳ ವೈದ್ಯಕೀಯ ಮಂಡಳಿಗಳಿಗೆ ಪತ್ರ ಬರೆಯಿತು. ಹಾಗಾಗಿ ತೆಲಂಗಾಣ ವೈದ್ಯಕೀಯ ಮಂಡಳಿ ದೂರು ಸ್ವೀಕರಿಸಿ, ತಪ್ಪು ಸಾಬೀತಾದರೆ ವೈದ್ಯರ ಹೆಸರನ್ನು ನೋಂದಣಿಯಿಂದ ತೆಗೆಯಬಹುದು.

ತೊಡಕಿರುವುದು ಎಂಬಿಬಿಎಸ್ ಇಲ್ಲದವರಲ್ಲಿ. ಬೋರ್ಡು ಹಾಕಿಕೊಂಡ ‘ಕೌನ್ಸೆಲರ್’, ಬಾಬಾ, ಪ್ರಾರ್ಥನಾ ಮಂದಿರದವರು ಈ ಮಂಡಳಿಯ ನೋಂದಣಿಯಲ್ಲೇ ಇಲ್ಲ, ತೆಗೆಯಲು ಹೆಸರೆಲ್ಲಿ? ಅಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆ ಕೆಲಸಕ್ಕೆ ಬರುತ್ತದೆ. ಅದರ ಪ್ರಕಾರ ಸಮಾಜದ ನೈತಿಕ ಕಟ್ಟುಪಾಡಿಗೆ ಹೊಂದದಿರುವುದನ್ನೇ ಮನೋರೋಗ ಎಂದು ತೀರ್ಮಾನಿಸುವಂತಿಲ್ಲ. ನೋಂದಣಿಯಿಲ್ಲದೆ ಮಾನಸಿಕ ಚಿಕಿತ್ಸಾ ಕೇಂದ್ರ ನಡೆಸಿದರೆ ಮೊದಲ ಸಲ 5,000ದಿಂದ 50,000 ರೂಪಾಯಿವರೆಗೆ ದಂಡ. ನನ್ನ ಮಟ್ಟಿಗೆ ಅದು ತೀರಾ ಅಗ್ಗ. ವಯಸ್ಕರನ್ನು ಬಲವಂತವಾಗಿ ಕೂಡಿಹಾಕಿದರೆ, ಹೊಡೆದರೆ ಪೊಲೀಸರ ಬಳಿಗೆ ನೇರ ದಾರಿಯಿದೆ.

ದೂರು ಕೊಡುವವರು ಔಷಧಚೀಟಿ, ರಸೀದಿ, ವಾಟ್ಸ್‌ಆ್ಯಪ್ ಸಂದೇಶಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.